ಹೊಸ ನಗರಗಳ ಹಳೆಯ ವೃಂದಗಾನ

ಹ್ಯೂಸ್ಟನ್ 1836ರಲ್ಲಿಯೂ ಆಸ್ಟಿನ್ 1839ರಲ್ಲಿಯೂ ಡಲ್ಲಾಸ್ 1841ರಲ್ಲಿಯೂ ಸ್ಥಾಪಿತವಾದುವು. ಇಟಲಿಯ ವೃಂದಗಾನ ರಚನಕಾರನಾದ ಪಾಲೆಸ್ತ್ರೀನನು 1594ರಲ್ಲಿ ಕಾಲವಾಗಿ ಸುಮಾರು ಎರಡೂವರೆ ಶತಮಾನಗಳು ಸಂದಮೇಲೆ ತಲೆಯೆತ್ತಿದ ಈ ಟೆಕ್ಸಾಸ್ ನಗರಗಳಲ್ಲಿ ಯೂರೋಪಿನ ಪ್ರಾಚೀನ ವೃಂದಗಾನವನ್ನು ಶ್ರದ್ಧೆಯಿಂದ ಅಭ್ಯಸಿಸುವವರು ಇರುವರೆಂಬುದು ಮೊದಲು ವಿಸ್ಮಯಕರವಾಗಿ ತೋರಿದರೂ, ಆ ನೆಲದ ಪೂರ್ವವೃತ್ತಾಂತವನ್ನು ಬಲ್ಲವರಿಗೆ ಅಸಹಜವೆನಿಸದು.

1821ರವರೆಗೆ ಟೆಕ್ಸಾಸ್ ಸ್ಪೇನಿನ ಸಾಮ್ರಾಜ್ಯದ ಉತ್ತರ ಸೀಮೆಯಾಗಿದ್ದಿತು. ಅದೇ ಸಾಮ್ರಾಜ್ಯದ ಪ್ಯೂಬ್ಲಾ ನಗರದ ಮಹಾದೇವಾಲಯದಲ್ಲಿ 17ನೆಯ ಶತಮಾನದ ರಚನಕಾರನಾದ ಪಾದಿಯ್ಯನು ಎರಡು ವೃಂದಗಳು ಎದುರುಬದುರಾಗಿ ಹಾಡುವ ಪೂಜಾಸಂಗೀತವನ್ನು ರಚಿಸಿದ್ದನು. 1720ರಲ್ಲಿ ಸ್ಥಾಪಿತವಾದ ಸ್ಯಾನ್ ಆಂಟೋನಿಯೋದ ಸ್ಯಾನ್ ಹೋಸೆ ಮಿಷನ್ನಿನಲ್ಲಿ ಮೂಲನಿವಾಸಿಗಳು ಪಾದ್ರಿಗಳಿಂದ ಗಾಯನವನ್ನು ಕಲಿತರು. ಬಳಿಕ ಬಂದ ಜರ್ಮನ್ ವಲಸಿಗರು 1853ರಲ್ಲಿ ನ್ಯೂ ಬ್ರೌನ್‌ಫೆಲ್ಸ್‌ನಲ್ಲಿ ಗಾಯನೋತ್ಸವವನ್ನು ನಡೆಸಿ, ಆಸ್ಟಿನ್ನಿನಲ್ಲಿ 1879ರಲ್ಲಿಯೂ ಹ್ಯೂಸ್ಟನ್ನಿನಲ್ಲಿ 1883ರಲ್ಲಿಯೂ ಗಾಯನಸಂಘಗಳನ್ನು ಕಟ್ಟಿದರು. ಪ್ರಾಚೀನ ಸಂಗೀತವನ್ನೇ ಉದ್ದೇಶವಾಗಿ ಹೊತ್ತ ಸಂಸ್ಥೆಗಳು ಹುಟ್ಟಿದುದು ಮತ್ತೊಂದು ಶತಮಾನದ ತರುವಾಯ: 1982ರಲ್ಲಿ ಡಲ್ಲಾಸ್ ಬಾಖ್ ಸೊಸೈಟಿ, 1987ರಲ್ಲಿ ಡೇನಿಯಲ್ ಜಾನ್ಸನ್ನರು ಆಸ್ಟಿನ್ನಿನಲ್ಲಿ ಆರಂಭಿಸಿದ ಟೆಕ್ಸಾಸ್ ಅರ್ಲಿ ಮ್ಯೂಸಿಕ್ ಪ್ರಾಜೆಕ್ಟ್, 1998ರಲ್ಲಿ ಮ್ಯಾಥ್ಯೂ ಡರ್ಸ್ಟರು ಹ್ಯೂಸ್ಟನ್ನಿನಲ್ಲಿ ಸ್ಥಾಪಿಸಿದ ಆರ್ಸ್ ಲಿರಿಕಾ.

ಇಂತಹ ವೃಂದದ ನಿರ್ದೇಶಕನ ಕಾರ್ಯವು ಅಭ್ಯಾಸಕ್ಕೆ ಬಹು ಮೊದಲೇ ಆರಂಭವಾಗುವುದು. 16ನೆಯ ಶತಮಾನದ ಮುದ್ರಿತ ಪುಸ್ತಕಗಳಲ್ಲಿ ಒಂದೊಂದು ಕಂಠದ ಸ್ವರಗಳು ಸಾಮಾನ್ಯವಾಗಿ ಒಂದೊಂದು ಪ್ರತ್ಯೇಕ ಪುಸ್ತಕದಲ್ಲಿರುವುವು. ಕಾಲವನ್ನು ಖಂಡಿಸುವ ಅಡ್ಡಗೆರೆಗಳಿಲ್ಲ. ಗಾಯಕನು ತನ್ನ ಶಿಕ್ಷಣಬಲದಿಂದಲೇ ಅರಿತು ಏರಿಸಬೇಕಾದ, ಇಳಿಸಬೇಕಾದ ಅನೇಕ ಸ್ವರಗಳಿಗೆ ಚಿಹ್ನೆಯೇ ಇಲ್ಲ. ಬಿಡಿ ಪುಸ್ತಕಗಳನ್ನು ಕೂಡಿಸಿ, ಆಧಾರಶ್ರುತಿಯನ್ನು ನಿಶ್ಚಯಿಸಿ, ಯಾವ ಅಕ್ಷರವು ಯಾವ ಸ್ವರದ ಮೇಲೆ ನಿಲ್ಲತಕ್ಕುದೆಂದೂ ಲ್ಯಾಟಿನ್ ಪದವನ್ನು ರೋಮಿನವರಂತೆ ಉಚ್ಚರಿಸತಕ್ಕುದೊ ಸ್ಪೇನಿನವರಂತೆಯೊ ಎಂದೂ ನಿರ್ಣಯಿಸಿದಮೇಲೆಯೇ ಆತನು ಗಾಯಕರನ್ನು ಕರೆಯುವನು. ಅಭ್ಯಾಸದಲ್ಲಿಯೂ ಕೈಯ ಇಳಿತ ಏರಿಕೆಗಳಿಂದ ಕಾಲವನ್ನು ಅಳೆಯುವ ಹಳೆಯ ಕ್ರಮವನ್ನು ರೂಢಿಸಿ, ಪ್ರತಿಯೊಂದು ಕಂಠವೂ ತನ್ನ ಪದದ ಒತ್ತನ್ನು ಕಾಯ್ದುಕೊಂಡು ಉಳಿದ ಕಂಠಗಳಿಗೆ ಕಿವಿಗೊಡುವಂತೆ ಮಾಡಬೇಕು.

ಪಾಲೆಸ್ತ್ರೀನನ ಸಮಕಾಲೀನರಾಗಿ 1564ರಲ್ಲಿ ದೇಹವಿಟ್ಟ ಪುರಂದರದಾಸರ ಪದಗಳನ್ನು ನಾವು ಬಾಯಿಂದ ಬಾಯಿಗೆ ಪಡೆದಿದ್ದೇವೆ. ಸಾಹಿತ್ಯವುಳಿದು, ಎಷ್ಟೋ ಪದಗಳ ಮೂಲ ಧಾಟಿ ಮರೆಯಾಯಿತು. ಯೂರೋಪಿನಲ್ಲಾದರೋ ಸ್ವರಲಿಪಿಯುಳಿದು, ಅದನ್ನು ನುಡಿಸುತ್ತಿದ್ದ ಬಾಯಿಪಾಠದ ವಿವೇಕವು ಬಹುಮಟ್ಟಿಗೆ ಕಡಿದುಹೋಯಿತು. ಲಿಪಿಯೊಂದರಿಂದಲೇ ಗಾನವು ಉಳಿಯದು, ಗುರುಮುಖವೂ ಬೇಕೆಂಬ ನಮ್ಮ ಹಿರಿಯರ ನಂಬಿಕೆಗೆ ಟೆಕ್ಸಾಸಿನ ಈ ಸಾಧಕರ ಪರಿಶ್ರಮವೂ ಪ್ರಮಾಣವಾಗಿದೆ. ಕಡಿದ ಪರಂಪರೆಯನ್ನು ವಿದ್ವತ್ತಿನಿಂದ ಬೆಸೆದು ಮತ್ತೆ ಕಂಠಕ್ಕೊಪ್ಪಿಸುವ ಇವರನ್ನು ಸಂಗೀತಪ್ರಿಯರೆಲ್ಲರೂ ಗೌರವಿಸತಕ್ಕುದು.