ಯಂತ್ರ ಬಂತು, ಬಿಡುವು ಬರಲಿಲ್ಲ

ನಮ್ಮ ಕೂಟದ ಯಾವ ಹೆಣ್ಣುಮಗಳನ್ನು ಮಾತಾಡಿಸಿದರೂ "ಪುರಸೊತ್ತೇ ಇಲ್ಲ ಕಣ್ರೀ" ಎಂಬ ಮಾತು ಬಂದೇ ಬರುತ್ತದೆ. ಮನೆಯಲ್ಲಿ ಮಿಕ್ಸಿ, ಡಿಶ್‌ವಾಷರ್, ಬಟ್ಟೆಗೆ ವಾಷರ್, ಡ್ರೈಯರ್ ಎಲ್ಲವೂ ಇವೆ. "ಎಲ್ಲಾ ಮೆಷೀನೇ ಮಾಡುತ್ತಲ್ಲ, ನಿಮಗೇನಮ್ಮಾ ಕೆಲಸ?" ಎಂದು ಊರಿನಿಂದ ಬಂದ ಹಿರಿಯರು ಕೇಳುವುದೂ ಉಂಟು. ಹಾಗಾದರೆ ಉಳಿದ ಸಮಯ ಎಲ್ಲಿ ಹೋಯಿತು? ನಾವು ಬಂದು ನೆಲೆಸಿರುವ ಈ ಅಮೆರಿಕದಲ್ಲಿ ಈ ಪ್ರಶ್ನೆಗೆ ನೂರೈವತ್ತು ವರ್ಷಗಳ ಇತಿಹಾಸವಿದೆ.

1868ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಊರಿನ ಮೆಲೂಸಿನಾ ಫೇ ಪರ್ಸ್ ಎಂಬಾಕೆ 'ಅಟ್ಲಾಂಟಿಕ್ ಮಂತ್ಲಿ' ಪತ್ರಿಕೆಯಲ್ಲಿ ಲೇಖನಮಾಲೆಯೊಂದನ್ನು ಆರಂಭಿಸಿದರು. ಪ್ರತಿ ಮನೆಯಲ್ಲೂ ಒಬ್ಬೊಬ್ಬಳೇ ಬೇಯಿಸಿ, ಒಗೆದು, ಹೊಲಿದು ಸವೆಯುವುದೇಕೆ, ನೆರೆಹೊರೆಯವರು ಸೇರಿ ಈ ಕೆಲಸಗಳನ್ನು ಒಂದೆಡೆ ನಡೆಸಬಾರದೇಕೆ ಎಂಬುದು ಅವರ ವಾದ. 1870ರಲ್ಲಿ ಅಂಥದೊಂದು ಸಹಕಾರ ಸಂಘವೂ ಆಯಿತು. ದಿನಸಿ ಅಂಗಡಿ, ಬೇಕರಿ, ಬಟ್ಟೆ ಒಗೆಯುವ ವ್ಯವಸ್ಥೆ ಎಲ್ಲ ಇದ್ದವು. ಗಂಡಂದಿರಿಗೆ ಇದು ರುಚಿಸಲಿಲ್ಲ. ಹೆಸರು ಕೊಟ್ಟ ಮನೆಗಳಲ್ಲೂ ಬಳಸಿಕೊಂಡವರು ಕೆಲವರೇ. 1871ರಲ್ಲಿ ಸಂಘ ಮುಚ್ಚಿತು.

ಮುಂದಿನವರು ಇನ್ನೊಂದು ದಾರಿ ಹಿಡಿದರು. ಕಾರ್ಖಾನೆಯಲ್ಲಿ ಕೆಲಸಗಾರರ ಕೈಚಲನೆಯನ್ನು ಅಳೆಯುವ ಹಾಗೆ ಅಡಿಗೆಮನೆಯಲ್ಲೂ ಅಳೆದರೆ ಸಮಯ ಉಳಿದೀತು ಎಂದು ಕ್ರಿಸ್ಟೀನ್ ಫ್ರೆಡರಿಕ್ 1912ರಲ್ಲಿ 'ಲೇಡೀಸ್ ಹೋಮ್ ಜರ್ನಲ್'ನಲ್ಲಿ ಬರೆದರು. 1924ರಲ್ಲಿ ಗಂಡನನ್ನು ಕಳೆದುಕೊಂಡು ಹನ್ನೊಂದು ಮಕ್ಕಳ ಸಂಸಾರ ತೂಗಿಸಿದ ಲಿಲಿಯನ್ ಗಿಲ್ಬ್ರೆತ್, ಒಲೆ, ಸಿಂಕು, ಕಪಾಟುಗಳನ್ನು ಕೈಗೆಟುಕುವಂತೆ ಜೋಡಿಸಿ ಅಡಿಗೆಮನೆಯ ಓಡಾಟವನ್ನು ಕಡಿಮೆ ಮಾಡಿದರು. ಆದರೆ ಒಂದು ಸಂಗತಿ ಗಮನಿಸಬೇಕು: ಸ್ವತಃ ಅವರು ಅಡಿಗೆ ಮಾಡುತ್ತಿದ್ದುದು ಅಪರೂಪ. ಅದಕ್ಕೆ ಮನೆಯಲ್ಲಿ ಬೇರೆಯವರಿದ್ದರು.

ಫಲವೇನಾಯಿತು? 1974ರಲ್ಲಿ ಜೋಆನ್ ವಾನೆಕ್ ಹಳೆಯ ಸಮೀಕ್ಷೆಗಳನ್ನು ಹೋಲಿಸಿ ನೋಡಿದರು. ಹೊರಗೆ ದುಡಿಯದ ಗೃಹಿಣಿಯ ಮನೆಗೆಲಸ 1920ರ ದಶಕದಲ್ಲಿ ವಾರಕ್ಕೆ ಸುಮಾರು 52 ಗಂಟೆ ಇದ್ದರೆ, 1960ರ ದಶಕದಲ್ಲಿ 55 ಗಂಟೆ! ವಿದ್ಯುತ್ತು, ನಲ್ಲಿ ನೀರು, ಫ್ರಿಜ್ಜು, ವಾಷಿಂಗ್ ಮೆಷೀನು ಎಲ್ಲ ಬಂದ ಮೇಲಿನ ಲೆಕ್ಕ ಇದು.

ಇದರ ಕಾರಣವನ್ನು ರೂತ್ ಶ್ವಾರ್ಟ್ಜ್ ಕೋವನ್ 1983ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಕಬ್ಬಿಣದ ಒಲೆ ಬಂದಾಗ ಉಳಿದದ್ದು ಸೌದೆ ಸೀಳುವ ಗಂಡಸಿನ ಶ್ರಮ. ಬೇಯಿಸುವವಳು ಒಂದು ಪಾತ್ರೆಯ ಊಟದಿಂದ ಮೂರು ನಾಲ್ಕು ಬಗೆಯ ಅಡಿಗೆಗೆ ಏರಿದಳು. ವಾಷಿಂಗ್ ಮೆಷೀನು ಬಂದಾಗ ಅಗಸಗಿತ್ತಿ ಹೋದಳು, ಲಾಂಡ್ರಿ ಹೋಯಿತು, ವಾರದ ಬಟ್ಟೆ ದಿನದ ಬಟ್ಟೆಯಾಯಿತು. ಕಾರು ಬಂದಾಗ ಮನೆಬಾಗಿಲಿಗೆ ಬರುತ್ತಿದ್ದ ಸಾಮಾನನ್ನು ತಾನೇ ಹೋಗಿ ತರಬೇಕಾಯಿತು. ಯಂತ್ರ ಸಮಯ ಉಳಿಸಿದ್ದು ನಿಜ. ಉಳಿದ ಸಮಯ ಏತಕ್ಕೆಂದು ಯಾರೂ ಮೊದಲೇ ಗೊತ್ತುಮಾಡದಿದ್ದುದರಿಂದ ಹೊಸ ಕೆಲಸಗಳು ಬಂದು ಅದನ್ನು ತುಂಬಿದವು.

ನಮ್ಮ ಕಡೆಯ ಕಥೆಯೂ ಬೇರೆಯಲ್ಲ. ರುಬ್ಬುವ ಕಲ್ಲಿನ ಕಾಲಕ್ಕೆ ಎಷ್ಟೋ ಮನೆಗಳಲ್ಲಿ ದೋಸೆ, ಇಡ್ಲಿ ಹಬ್ಬ ಹುಣ್ಣಿಮೆಯ ತಿಂಡಿ. 1963ರಲ್ಲಿ ಸುಮೀತ್ ಮಿಕ್ಸಿ ಬಂದ ಮೇಲೆ ಅವು ಬರಬರುತ್ತಾ ಎಂದಿನ ತಿಂಡಿಯಾದವು. ಬೀಸುವ ಕಲ್ಲಿನ ಮುಂದೆ ಇಬ್ಬರು ಕೂತು ಪದ ಹಾಡುತ್ತಿದ್ದರು. ಮಿಕ್ಸಿಯ ಮುಂದೆ ಒಬ್ಬಳೇ ನಿಂತಳು. ಬೀಸುವ ಶ್ರಮ ಮತ್ತೆ ಬೇಕೆಂದು ಯಾರೂ ಹೇಳಲಾರರು. ಆದರೆ ಹಾಡೂ ಅದರೊಂದಿಗೇ ಹೋಯಿತು.

ಹಾಗಿದ್ದರೆ ಮನೆಗೆಲಸ ಕಡಿಮೆಯಾಗಲೇ ಇಲ್ಲವೇ? ಆಯಿತು. ಮಕ್ಕಳ ಪಾಲನೆ, ಅಂಗಡಿ ಓಡಾಟ ಬಿಟ್ಟು ಲೆಕ್ಕ ಹಾಕಿದರೆ ಅಮೆರಿಕದ ಮಹಿಳೆಯರ ಮನೆಗೆಲಸ 1965ರಲ್ಲಿ ವಾರಕ್ಕೆ 30 ಗಂಟೆ ಇದ್ದದ್ದು 1995ಕ್ಕೆ 17.5 ಗಂಟೆಗೆ ಇಳಿಯಿತು. ಗಂಡಸರದು ಸುಮಾರು 5 ಗಂಟೆಯಿಂದ 10ಕ್ಕೆ ಏರಿತು. ಹೊರಗೆ ದುಡಿಯತೊಡಗಿದ ಹೆಂಗಸರು ಒಂದಷ್ಟು ಕೆಲಸವನ್ನು ಬಿಟ್ಟರು, ಗಂಡಸರು ಒಂದಷ್ಟನ್ನು ಹೊತ್ತರು. ಅಷ್ಟಾದರೂ ಪಾಲು ಸಮವಾಗಲಿಲ್ಲ. ಆಫೀಸಿನಿಂದ ಬಂದ ಮೇಲಿನ ಈ ದುಡಿಮೆಯನ್ನು ಆರ್ಲಿ ಹಾಕ್‌ಶೀಲ್ಡ್ 1989ರಲ್ಲಿ 'ಎರಡನೇ ಪಾಳಿ' ಎಂದು ಕರೆದರು.

ಇತಿಹಾಸ ಹೇಳುವ ಪ್ರಕಾರ ಬಿಡುವನ್ನು ಯಾವ ಯಂತ್ರವೂ ತಂದುಕೊಡುವುದಿಲ್ಲ; ಯಾವ ಕೆಲಸ ಬಿಡಬೇಕು, ಯಾವುದನ್ನು ಹಂಚಿಕೊಳ್ಳಬೇಕು ಎಂದು ಮನೆಯವರೆಲ್ಲ ಕೂತು ತೀರ್ಮಾನಿಸಬೇಕಾಗುತ್ತದೆ. ನಮ್ಮ ಕೂಟದಿಂದಲೇ ಆರಂಭಿಸಬಹುದಲ್ಲವೇ? ಮುಂದಿನ ಯುಗಾದಿಗೆ ಮನೆಗೊಂದೇ ಬಗೆ ಅಡಿಗೆ ಸಾಕು. ಬಡಿಸುವುದು, ಪಾತ್ರೆ ತೊಳೆಯುವುದು ಗಂಡಸರ ಪಾಲಿಗಿರಲಿ. ಕಾರ್ಯಕ್ರಮ ನಡೆಯುವಾಗ ನಮ್ಮ ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂತು ಹಾಡು ಕೇಳಲಿ.