ಅಂಟಿನ ಗೆರೆ, ಗುಂಡಿ ಸೆಲ್ಲು

1989ರ ಏಪ್ರಿಲ್ 21ರಂದು ಜಪಾನಿನ ನಿಂಟೆಂಡೊ ಕಂಪನಿ ಗೇಮ್ ಬಾಯ್ ಅನ್ನು ಮಾರುಕಟ್ಟೆಗೆ ತಂದಾಗಲೇ ಅದು ಹಳೆಯ ಸಾಮಾನಿನಂತೆ ಕಾಣುತ್ತಿತ್ತು. ಬಣ್ಣವಿಲ್ಲ, ಪರದೆಯ ಹಿಂದೆ ಬೆಳಕಿಲ್ಲ. ಅಡ್ಡಕ್ಕೆ 160, ಎತ್ತರಕ್ಕೆ 144 ಚುಕ್ಕಿಗಳ ಪರದೆ, ಅದರಲ್ಲಿ ನಾಲ್ಕೇ ಛಾಯೆ. ಆ ವಿಭಾಗದ ಮುಖ್ಯಸ್ಥ ಗುಂಪೆಯಿ ಯೊಕೊಯಿಗೆ ಬೇಕಾದದ್ದೂ ಅದೇ. ಎಲ್ಲರೂ ಬಳಸಿ ಅಗ್ಗವಾದ, ಗುಣದೋಷಗಳೆಲ್ಲ ಗೊತ್ತಿರುವ ತಂತ್ರಜ್ಞಾನದಿಂದಲೇ ಹೊಸ ಆಟ ಹುಟ್ಟಿಸಬೇಕೆಂಬುದು ಅವರ ಹಟ. 1990ರಲ್ಲಿ ಬಂದ ಸೇಗಾದ ಗೇಮ್ ಗಿಯರ್‌ನಲ್ಲಿ ಬಣ್ಣವೂ ಇತ್ತು, ಬೆಳಕೂ ಇತ್ತು. ಆರು ಪೆನ್ಸಿಲ್ ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗುವ ಹಸಿವೂ ಇತ್ತು. ಗೇಮ್ ಬಾಯ್ ನಾಲ್ಕು ಸೆಲ್ಲಿನಲ್ಲಿ ಅದರ ಹಲವು ಪಟ್ಟು ಹೊತ್ತು ಓಡುತ್ತಿತ್ತು.

ರಿಪೇರಿ ಮೇಜಿನ ಮೇಲೆ ಈ ವ್ಯತ್ಯಾಸ ಇವತ್ತಿಗೂ ಕಾಣುತ್ತದೆ. ಗೇಮ್ ಗಿಯರ್‌ನ ಕೆಪಾಸಿಟರ್‌ಗಳು ಒಸರಿ ಬೋರ್ಡನ್ನೇ ತಿನ್ನುತ್ತವೆ. ಮೊದಲು ಸದ್ದು ಕುಗ್ಗುತ್ತದೆ, ಆಮೇಲೆ ಚಿತ್ರ ಮಂಕಾಗುತ್ತದೆ. ಒಂದೊಂದನ್ನೂ ಕಿತ್ತು ಬದಲಿಸದೆ ಗತಿಯಿಲ್ಲ.

ಗೇಮ್ ಬಾಯ್‌ನ ಕಾಯಿಲೆಗಳು ಸಾಧು. ಸೆಲ್ಲು ಸೋರಿ ಕಿಲುಬು ಹಿಡಿದ ಸ್ಪ್ರಿಂಗನ್ನು ವಿನೆಗರ್ ಹಚ್ಚಿ ಉಜ್ಜಿದರೆ ಸಾಕು. ಹೆಸರಾಂತ ರೋಗವೆಂದರೆ ಪರದೆಯಲ್ಲಿ ಉದ್ದುದ್ದ ಗೆರೆಗಳು ಮಾಯವಾಗುವುದು. ಗಾಜಿಗೆ ಸಂಕೇತ ಒಯ್ಯುವ ರಿಬ್ಬನ್ ಕೇಬಲ್ಲನ್ನು ಬೆಸುಗೆ ಹಾಕಿ ಜೋಡಿಸಿಲ್ಲ, ವಿದ್ಯುತ್ ಹರಿಯುವ ಅಂಟಿನಿಂದ ಅಂಟಿಸಿದ್ದಾರೆ. ವರ್ಷಗಳು ಕಳೆದಂತೆ ಆ ಅಂಟು ಬಿಡುತ್ತದೆ. ಮೂರು ಕಾಲಿನ ಸ್ಕ್ರೂ ಬಿಚ್ಚಿ, ಪರದೆಯ ಕೆಳಗಿನ ರಿಬ್ಬನ್ ಮೇಲೆ ಹದವಾಗಿ ಕಾದ ಸೋಲ್ಡರಿಂಗ್ ಐರನ್ನನ್ನು ಮೆಲ್ಲಗೆ ಎಳೆದರೆ ಗೆರೆಗಳು ಒಂದೊಂದಾಗಿ ಮರಳುತ್ತವೆ. ಶಾಖ ಹೆಚ್ಚಾದರೆ ರಿಬ್ಬನ್ ಸುಟ್ಟೀತು. ಹಾಗಾದರೆ ಆ ಪರದೆಯ ಆಸೆ ಬಿಡಬೇಕು.

ಕ್ಯಾಸೆಟ್ಟಿಗೆ ಬಾಯಿಂದ ಊದುವ ಮನೆಮದ್ದು ಮಾತ್ರ ಕೆಟ್ಟದ್ದು. ಅದನ್ನು ತೆಗೆದು ಮತ್ತೆ ಹಾಕಿದ್ದರಿಂದ ಆಟ ಶುರುವಾಗುತ್ತಿತ್ತು, ಕೀರ್ತಿ ಉಸಿರಿಗೆ ಹೋಗುತ್ತಿತ್ತು. ಎಂಜಲಿನ ಪಸೆ ಪಿನ್ನುಗಳಲ್ಲೇ ಉಳಿಯುತ್ತಿತ್ತು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿ ಸಾಕು.

ನಿಜವಾಗಿ ಕೈ ನಡುಗುವುದು ಪೋಕೆಮಾನ್‌ನಂಥ ಕ್ಯಾಸೆಟ್ಟು ಬಿಚ್ಚುವಾಗ. ಆಡಿದವರ ದಾಖಲೆಯನ್ನು ಅದರೊಳಗಿನ ಒಂದು ಗುಂಡಿ ಸೆಲ್ಲು ಕಾಯುತ್ತಿರುತ್ತದೆ. 1999ರ ಪೋಕೆಮಾನ್ ಗೋಲ್ಡ್, ಸಿಲ್ವರ್ ಆಟಗಳಲ್ಲಿ ಅದೇ ಸೆಲ್ಲು ಗಡಿಯಾರವನ್ನೂ ನಡೆಸುವುದರಿಂದ ಬೇಗ ಬರಿದಾಗುತ್ತದೆ. ಸೆಲ್ಲು ಸತ್ತರೆ ದಾಖಲೆ ಅಳಿಸುತ್ತದೆ, ಬದಲಿಸಲು ಕಿತ್ತರೂ ಅಳಿಸುತ್ತದೆ. ಹೀಗಾಗಿ ಬಲ್ಲವರು ಸೆಲ್ಲಿನಲ್ಲಿ ಜೀವ ಇರುವಾಗಲೇ ದಾಖಲೆಯನ್ನು ಕಂಪ್ಯೂಟರಿಗೆ ನಕಲು ಮಾಡಿಕೊಂಡು ಆಮೇಲೆ ಐರನ್ ಬಿಸಿ ಮಾಡುತ್ತಾರೆ. ಅದನ್ನು ಮರೆತರೂ ಆಟಕ್ಕೇನೂ ಆಗುವುದಿಲ್ಲ. ಯಾವುದೋ ಮಗು ಅಂದು ಒಂದೊಂದೇ ಅಕ್ಷರ ಒತ್ತಿ ಬರೆದಿದ್ದ ತನ್ನ ಹೆಸರು ಮಾತ್ರ ಹೋಗುತ್ತದೆ.