ನಡುವಿನ ಮನೆಯ ಗಳಿಕೆ ಎಷ್ಟು?

ಸಿಂಧನೂರಿನ ಸುತ್ತ ನಾಲೆಯ ನೀರು ಹರಿಯುವ ಬಯಲಿನಲ್ಲಿ ಭತ್ತದ ಗದ್ದೆಗಳನ್ನು ಕಂಡವರಿಗೆ ಇದು ಸಿರಿವಂತ ಸೀಮೆ ಎನಿಸುವುದು ಸಹಜ. ಆದರೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿದಾಗ, ಅವುಗಳಲ್ಲಿ 'ಅತ್ಯಂತ ಹಿಂದುಳಿದ' 39ರ ಪಟ್ಟಿಯಲ್ಲಿ ಲಿಂಗಸುಗೂರಿನ ಜೊತೆಗೆ ಸಿಂಧನೂರಿನ ಹೆಸರೂ ಇತ್ತು. ಸಮಿತಿ ನೋಡಿದ್ದು ಆದಾಯವೊಂದನ್ನೇ ಅಲ್ಲ; ಶಾಲೆ, ಆಸ್ಪತ್ರೆ, ರಸ್ತೆ ಮೊದಲಾದ 35 ಮಾನದಂಡಗಳನ್ನು. ಆದರೂ ಭತ್ತದ ಕಣಜ ಹಿಂದುಳಿದದ್ದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ.

ಉತ್ತರದ ಒಂದು ಪಾಲು ಲೆಕ್ಕದ ಕ್ರಮದಲ್ಲಿಯೇ ಅಡಗಿದೆ. ಒಂದು ಓಣಿಯಲ್ಲಿ ಐದು ಮನೆಗಳಿವೆ ಎನ್ನೋಣ. ನಾಲ್ಕು ಮನೆಗಳ ವರ್ಷದ ಗಳಿಕೆ 40, 50, 60 ಮತ್ತು 70 ಸಾವಿರ ರೂಪಾಯಿ. ಐದನೆಯದು ಗಿರಣಿ ಮಾಲೀಕರ ಮನೆ, ಗಳಿಕೆ 7 ಲಕ್ಷ 80 ಸಾವಿರ. ಸರಾಸರಿ ತೆಗೆದರೆ ಮನೆಗೆ 2 ಲಕ್ಷ! ಆದರೆ ಆ ಓಣಿಯ ನಾಲ್ಕು ಮನೆಗಳು ಅದರ ಅರ್ಧವನ್ನೂ ಕಂಡಿಲ್ಲ. ಮನೆಗಳನ್ನು ಗಳಿಕೆಯ ಕ್ರಮದಲ್ಲಿ ನಿಲ್ಲಿಸಿ ನಟ್ಟನಡುವಿನದನ್ನು ನೋಡಿದರೆ ಸಿಗುವುದು 60 ಸಾವಿರ. ಇದೇ ಮಧ್ಯಾಂಕ.

ನಮ್ಮ ದೇಶದ ಆದಾಯದ ಲೆಕ್ಕ ಮೊದಲಿನಿಂದಲೂ ಸರಾಸರಿಯ ದಾರಿ ಹಿಡಿದು ಬಂದದ್ದು. ದಾದಾಭಾಯಿ ನವರೋಜಿ 1867-68ರ ಭಾರತೀಯನ ತಲಾ ಆದಾಯ 20 ರೂಪಾಯಿ ಎಂದರು. 1949ರಲ್ಲಿ ಪಿ.ಸಿ. ಮಹಲನೋಬಿಸ್ ಅಧ್ಯಕ್ಷತೆಯಲ್ಲಿ ನೇಮಕವಾದ ರಾಷ್ಟ್ರೀಯ ಆದಾಯ ಸಮಿತಿಯೂ ಒಟ್ಟು ಆದಾಯವನ್ನು ತಲೆಗಳಿಂದ ಭಾಗಿಸಿತು. ಜಿಲ್ಲೆಗಳ ತಲಾ ಆದಾಯವೂ ಹೀಗೆಯೇ ಬರುತ್ತದೆ. ಜನಗಣತಿಯವರು ಮನೆಯ ಆದಾಯವನ್ನು ಕೇಳುವುದಿಲ್ಲ. ಹಾಗಾದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನಡುವಿನ ಮನೆ ಕಳೆದ ನೂರು ವರ್ಷಗಳಲ್ಲಿ ಹೇಗೆ ಬಾಳಿತೆಂದು ತಿಳಿಯುವ ಬಗೆ ಯಾವುದು?

ಮೊದಲ ತೊಡಕು ಗಡಿ. ನಿಜಾಮರ ಆಳ್ವಿಕೆಯಲ್ಲಿ ಲಿಂಗಸುಗೂರು ಒಂದು ಜಿಲ್ಲೆಯೇ ಆಗಿತ್ತು. 1905ರಲ್ಲಿ ಅದನ್ನು ಒಡೆದು ಹಂಚಲಾಯಿತು. ಮಸ್ಕಿ ತಾಲ್ಲೂಕಾದದ್ದು ತೀರಾ ಈಚೆಗೆ. ಅದರ ಹಳ್ಳಿಗಳು ಲಿಂಗಸುಗೂರು, ಸಿಂಧನೂರು, ಮಾನ್ವಿಗಳಿಂದ ಬಂದವು. ಹಳ್ಳಿ ಹಳ್ಳಿಯ ಅಂಕಿಗಳನ್ನು ಕೂಡಿಸಿ ಹಳೆಯ ಮಸ್ಕಿಯನ್ನು ಕಟ್ಟಿಕೊಳ್ಳದೆ ಹೋಲಿಕೆ ಸಾಧ್ಯವಿಲ್ಲ.

ಎರಡನೆಯದು ನಾಣ್ಯ. ಸಂಸ್ಥಾನದ 'ಹಾಲಿ ಸಿಕ್ಕಾ' ರೂಪಾಯಿ ಬೇರೆ, ಬ್ರಿಟಿಷ್ ಭಾರತದ ರೂಪಾಯಿ ಬೇರೆ. ಅಲ್ಲಿಯ ಸುಮಾರು 7 ಇಲ್ಲಿಯ 6ಕ್ಕೆ ಸಮ. ಮೇಲಾಗಿ ಕೂಲಿ ಜೋಳದಲ್ಲಿ ಸಲ್ಲುತ್ತಿದ್ದ ಕಡೆ ರೂಪಾಯಿಯ ಲೆಕ್ಕ ಅರ್ಧ ಸತ್ಯವಷ್ಟೆ. ಆದ್ದರಿಂದ ಒಂದು ದಿನದ ದುಡಿಮೆಗೆ ಎಷ್ಟು ಸೇರು ಜೋಳ ಎಂದು ಕೇಳುವುದು ಹೆಚ್ಚು ಭದ್ರವಾದ ಅಳತೆ.

ಇನ್ನು ನಡುವಿನ ಮನೆಯನ್ನು ಹುಡುಕುವುದು. ಇದಕ್ಕೆ ಜನಗಣತಿ ಕೊಡುವ ಸಾಗುವಳಿದಾರರ ಮತ್ತು ಕೃಷಿ ಕಾರ್ಮಿಕರ ಸಂಖ್ಯೆ, 1970-71ರಿಂದ ನಡೆದ ಕೃಷಿ ಗಣತಿಯ ಹಿಡುವಳಿ ವಿವರ ಸಹಾಯಕ್ಕೆ ಬರುತ್ತವೆ. ಹಳ್ಳಿಯ ಅರ್ಧಕ್ಕಿಂತ ಹೆಚ್ಚು ಮನೆಗಳು ಮುಖ್ಯವಾಗಿ ಕೂಲಿಯಿಂದಲೇ ಬದುಕುತ್ತಿದ್ದು, ಗಳಿಕೆಯ ಸಾಲಿನ ಕೆಳಭಾಗದಲ್ಲಿದ್ದರೆ ನಡುವಿನ ಮನೆಯೂ ಕೂಲಿಯವರದೇ. ಆಗ ಅದರ ಗಳಿಕೆ ಎಂದರೆ ಕೆಲಸ ಸಿಕ್ಕ ದಿನಗಳು, ದುಡಿಯುವ ಕೈಗಳು ಮತ್ತು ದಿನಗೂಲಿಯ ಗುಣಲಬ್ಧ.

1953ರಲ್ಲಿ ತುಂಗಭದ್ರಾ ಕಾಲುವೆಗಳಿಗೆ ನೀರು ಬಿಟ್ಟ ಮೇಲಿನ ಬದಲಾವಣೆಯನ್ನು ಈ ಲೆಕ್ಕ ಚೆನ್ನಾಗಿ ಹಿಡಿಯುತ್ತದೆ. ನಾಟಿ, ಕಳೆ, ಕೊಯ್ಲುಗಳಿಂದ ಕೆಲಸದ ದಿನಗಳು ಹೆಚ್ಚಿದವು. ಮುಂದೆ ಕೊಯ್ಲಿನ ಯಂತ್ರ ಬಂದು ಅವುಗಳಲ್ಲಿ ಕೆಲವನ್ನು ಕಿತ್ತುಕೊಂಡಿತು. ನೀರು ತಲುಪದ ಖುಷ್ಕಿ ಭೂಮಿಯವರು ಗುಳೆ ಹೋದರು. ಅವರು ಊರಲ್ಲಿಲ್ಲದಾಗ ಗಣತಿ ನಡೆದರೆ ಬಡಮನೆಗಳೇ ಲೆಕ್ಕದಿಂದ ಜಾರುತ್ತವೆ. ಇತ್ತ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ತಿಂಗಳ ಸಂಬಳ ತಾಲ್ಲೂಕಿನ ಸರಾಸರಿಯನ್ನು ಎತ್ತಬಲ್ಲದು. ನಡುವಿನ ಮನೆಯನ್ನು ಅಷ್ಟಾಗಿ ಎತ್ತಲಾರದು.

2011ರ ಸಾಮಾಜಿಕ-ಆರ್ಥಿಕ ಗಣತಿಯಲ್ಲಿ ಗ್ರಾಮೀಣ ಮನೆಯ ಅತಿ ಹೆಚ್ಚು ದುಡಿಯುವವನ ತಿಂಗಳ ಗಳಿಕೆಯನ್ನು ಮೂರು ಮೆಟ್ಟಿಲುಗಳಲ್ಲಿ ಕೇಳಿದರು. ದೇಶದ ನಾಲ್ಕರಲ್ಲಿ ಸುಮಾರು ಮೂರು ಗ್ರಾಮೀಣ ಮನೆಗಳು 5 ಸಾವಿರ ರೂಪಾಯಿಗಿಂತ ಕೆಳಗಿನ ಮೆಟ್ಟಿಲಲ್ಲಿ ನಿಂತವು. ಅಂದರೆ ನಿಖರವಾದ ಮೊತ್ತ ಸಿಗದಿದ್ದರೂ ನಡುವಿನ ಮನೆ ಯಾವ ಮೆಟ್ಟಿಲಲ್ಲಿದೆ ಎಂಬುದು ತಿಳಿಯಿತು. ಹಳೆಯ ವರ್ಷಗಳಿಗೂ ನಮಗೆ ದಕ್ಕುವುದು ಇಂಥ ಎಲ್ಲೆಗಳೇ ಹೊರತು ಒಂದೇ ಒಂದು ಅಂಕಿಯಲ್ಲ.

ಇದು ಬರೀ ಪಂಡಿತರ ಲೆಕ್ಕವಲ್ಲ. ಹಿಂದುಳಿದಿರುವಿಕೆಯ ಅಳತೆಯನ್ನು ನೋಡಿ ಸರ್ಕಾರದ ಹಣ ಹಂಚಿಕೆಯಾಗುತ್ತದೆ. ಭತ್ತದ ರಾಶಿಯನ್ನು ತಲೆಗಳಿಂದ ಭಾಗಿಸಿದರೆ, ರಾಶಿ ಮಾಡಿದ ಕೂಲಿಯವನೂ ಕಾಗದದ ಮೇಲೆ ಸಿರಿವಂತನಾಗಿಬಿಡುತ್ತಾನೆ.

1915ರಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಕಂಡದ್ದು ಅಶೋಕನ ಹೆಸರಿರುವ ಶಾಸನ. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂಬುದು ಅದರ ತಿರುಳು. ಅಭಿವೃದ್ಧಿಯ ಫಲ ಹಾಗೆ ದಕ್ಕಿತೇ ಎಂದು ನೋಡಲು ಅದೇ ನೆಲದ ನಡುವಿನ ಮನೆಯ ಬಾಗಿಲನ್ನೇ ತಟ್ಟಬೇಕು.